ಮಸ್ಕತ್ತಿಗೆ ಹೋಗದ ಬೇಸಿಗೆ

ಕೆಂಪು ಬಾಳೆ ಮಾಗುವಾಗ ಎರಡು ವಾಸನೆ ಬರುತ್ತವೆ. ಒಂದು ಹಣ್ಣಿನದು, ಅದನ್ನು ಎಲ್ಲರೂ ಬಲ್ಲರು. ಇನ್ನೊಂದು ಹಣ್ಣನ್ನು ಮಾಗಲೆಂದು ಅಡಿ ಹಾಕಿದ ಕೋಣೆಯದು. ಒಣ ಎಲೆ, ಹೊಗೆ, ಗೋಣಿಚೀಲ, ಹೊರಗೆ ಹೋಗಲು ದಾರಿ ಸಿಗದ ಗಾಳಿ, ಇಷ್ಟೂ ಕೂಡಿದ ವಾಸನೆ. ಕಮಲಾಪುರದ ಬಸ್ ಸ್ಟ್ಯಾಂಡಿನ ಎದುರು ನಮ್ಮ ಕಾಕಾನ ಹಣ್ಣಿನ ಅಂಗಡಿ. ಅದರ ಹಿಂದಿನ ಕೋಣೆಯ ಬಾಗಿಲು ಮೊನ್ನೆ ಅರ್ಧ ತೆರೆದಿತ್ತು. ಆ ಎರಡನೆಯ ವಾಸನೆ ಬಂದು ನನ್ನ ಕೊರಳಪಟ್ಟಿ ಹಿಡಿಯಿತು.

ನಾನು ಅಲ್ಲಿಗೆ ಹಣ್ಣಿಗಾಗಿ ಹೋಗಿರಲಿಲ್ಲ, ಪೊಲೀಸರಿಗಾಗಿ ಹೋಗಿದ್ದೆ. ಓದುಗರು ಗಾಬರಿಯಾಗುವ ಕಾರಣವಿಲ್ಲ. ನನ್ನ ಪಾಸ್‌ಪೋರ್ಟಿನ ಅವಧಿ ಮುಗಿಯುತ್ತ ಬಂದಿತ್ತು. ಹೊಸದಕ್ಕೆ ಅರ್ಜಿ ಹಾಕಿದ್ದೆ. ವಿಳಾಸ ಖರೇನೋ ಸುಳ್ಳೋ ನೋಡಿ ಹೋಗಲು ಠಾಣೆಯಿಂದ ಒಬ್ಬರು ಬರುವವರಿದ್ದರು. ಮುಗಿಯಲಿರುವ ಆ ಪಾಸ್‌ಪೋರ್ಟಿನ ಬಗ್ಗೆ ಎರಡು ಗೌರವದ ಮಾತು ಹೇಳಲೇಬೇಕು. ಅದು ಹತ್ತು ವರ್ಷ ನನ್ನ ಕಪಾಟಿನಲ್ಲಿ ಅಖಂಡ ಬ್ರಹ್ಮಚರ್ಯ ಪಾಲಿಸಿತು. ಒಂದು ದೇಶದ ಠಸ್ಸೆಯೂ ಅದರ ಮೈಮೇಲೆ ಬಿದ್ದಿಲ್ಲ. ಹುಟ್ಟಿದಾಗ ಎಷ್ಟು ಶುದ್ಧವಾಗಿತ್ತೋ ಅಷ್ಟೇ ಶುದ್ಧವಾಗಿ ಅದು ದೇಹ ಬಿಡಲಿತ್ತು.

ಬೆಳಿಗ್ಗೆ ಕಲಬುರಗಿಯ ಜೇವರ್ಗಿ ಕಾಲೋನಿಯ ಬಾಡಿಗೆ ಮನೆಯಿಂದ ಹೊರಡುವಾಗ ಅವ್ವ ಕೇಳಿದಳು. "ಎಲ್ಲಿಗಿ ಹೋಗಾಂವ ಇದ್ದಿ ಅಂತ ಹೊಸಾದ ಮಾಡಿಸಾಕತ್ತಿ?"

"ಎಲ್ಲಿಗೂ ಇಲ್ಲವ್ವ."

"ಮತ್ತ ಅಲ್ಲಿಗ್ಯಾಕ ಹೊಂಟಿ? ವಿಳಾಸ ಇಲ್ಲೀದು ಕೊಟ್ಟಿದ್ರ ಆಗ್ತಿದ್ದಿಲ್ಲ?"

ನಾನು ಆಧಾರ್ ಕಾರ್ಡು, ರೇಷನ್ ಕಾರ್ಡು ಎಂದು ಏನೋ ಹೇಳಿದೆ. ಎಲ್ಲ ಕಾಗದಗಳಲ್ಲೂ ಇನ್ನೂ ಕಮಲಾಪುರದ ವಿಳಾಸವೇ ಇದೆ, ತಿದ್ದಿಸಲು ಆಲಸ್ಯ, ಅಷ್ಟೇ. ಅವ್ವ ನನ್ನ ಮುಖ ನೋಡಿದಳು, ಒಳಗೆ ಹೋದಳು.

ನಾನು ಬೆಳೆದದ್ದು ಕಮಲಾಪುರದ ಕಾಕಾನ ಮನೆಯಲ್ಲಿ. ಸಣ್ಣವನಿದ್ದಾಗಲೇ ಅಪ್ಪ ತೀರಿಕೊಂಡ. ಅವನ ತಮ್ಮ ರೇವಣಸಿದ್ದಪ್ಪ, ಅಂದರೆ ಕಾಕಾ, ಅವ್ವನನ್ನೂ ನನ್ನನ್ನೂ ಎಲ್ಲಿಗೂ ಕಳಿಸಲಿಲ್ಲ. "ಇದು ಯಾರ ಮನಿ? ನಿನ್ನ ಮನಿ. ನಾನಽ ನಿನ್ನ ಮನ್ಯಾಗ ಇದ್ದೀನಿ ನೋಡು," ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ. ಅವನಿಗೆ ಮಕ್ಕಳಿರಲಿಲ್ಲ. ಶಾಲೆ ಬಿಟ್ಟ ಮೇಲೆ ನಾನು ಅಂಗಡಿ ಕಟ್ಟೆಯ ಮೇಲೆ ಅವನ ಪಕ್ಕ ಕೂರುತ್ತಿದ್ದೆ. ಲೆಕ್ಕ ಎಂಬ ವಿದ್ಯೆ ನನಗೆ ಹತ್ತಿದ್ದು ಅಲ್ಲೇ.

ಕಾಕಾನ ಒಂದು ಗುಣವನ್ನು ಇಲ್ಲೇ ದಾಖಲಿಸಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಆತ ಸುಳ್ಳು ಹೇಳುತ್ತಿದ್ದ. ಕೆಟ್ಟ ಸುಳ್ಳಲ್ಲ, ಸಮಾಜಸೇವೆಯಂಥ ಸುಳ್ಳು. ನನ್ನ ಮೂಗಿನ ಕೆಳಗೆ ಕಪ್ಪು ಮೂಡುವತನಕ ಬಸ್ ಕಂಡಕ್ಟರರ ಮುಂದೆ ನನ್ನ ಟಿಕೆಟ್ ಅರ್ಧವೇ ಇತ್ತು. ಮೊನ್ನೆ ಕಡಿದ ಗೊನೆ ಗಿರಾಕಿಯ ಮುಂದೆ ಸದಾ ಇವತ್ತಿನ ಗೊನೆ. ಊರಲ್ಲಿ ಯಾರಿಗೆ ಹೆಣ್ಣು ನೋಡಲು ಹೊರಟರೂ ವರನ ಗುಣಗಾನಕ್ಕೆ ಕಾಕಾನನ್ನು ಕರೆದೊಯ್ಯುತ್ತಿದ್ದರು. ಅವನು ಬಣ್ಣಿಸಿದ ಹುಡುಗ ಮದುವೆಯ ದಿನ ಬಂದವನಿಗಿಂತ ಯಾವಾಗಲೂ ಎತ್ತರ ಇರುತ್ತಿದ್ದ. ಯಾರೂ ಬೇಸರ ಮಾಡಿಕೊಂಡಿರಲಿಲ್ಲ.

ಆ ಪಾಸ್‌ಪೋರ್ಟ್ ಮಾಡಿಸಿದ ವರ್ಷ ನಾನು ಕಲಬುರಗಿಯಲ್ಲಿ ಬಿ.ಕಾಂ. ಕೊನೆಯ ವರ್ಷದಲ್ಲಿದ್ದೆ. ಶರಣಬಸವೇಶ್ವರ ಗುಡಿಯ ಹತ್ತಿರದ ಹಾಸ್ಟೆಲ್‌ನಲ್ಲಿ ಒಂದು ಮಂಚ ಇತ್ತು. ಶನಿವಾರ ಸಂಜೆ ಕಮಲಾಪುರ, ಸೋಮವಾರ ಬೆಳಿಗ್ಗೆ ಮತ್ತೆ ಕಲಬುರಗಿ. ನನ್ನ ಬಟ್ಟೆ, ನನ್ನ ಹಾಸಿಗೆ, ನನ್ನ ಪುಸ್ತಕಗಳ ಪೆಟ್ಟಿಗೆ, ರೇಷನ್ ಕಾರ್ಡಿನಲ್ಲಿ ನನ್ನ ಹೆಸರು, ಎಲ್ಲವೂ ಕಾಕಾನ ಮನೆಯಲ್ಲಿದ್ದವು. ಬಿಸಿಲು ಎಂಥದು ಎಂದು ಕಲಬುರಗಿಯವರಿಗೆ ಹೇಳಬೇಕಿಲ್ಲ, ಬೇರೆಯವರು ನಂಬುವುದಿಲ್ಲ. ನಲ್ಲಿಯ ನೀರಲ್ಲಿ ಚಹಾ ಪುಡಿ ಹಾಕಿದರೆ ಸಾಕು ಎಂಬಂತಿತ್ತು.

ಪರದೇಶದ ಹುಳ ಬಿಟ್ಟವನು ಇಮ್ರಾನ್. ನನ್ನ ತರಗತಿಯವನು. ಸ್ಟೇಶನ್ ಬಜಾರದಲ್ಲಿ ಅವನಪ್ಪನ ಚಷ್ಮಾದ ಅಂಗಡಿ ಇತ್ತು. ಮದುವೆಯಾಗಿ ಮಸ್ಕತ್ತಿನಲ್ಲಿದ್ದ ಅವನ ಅಕ್ಕ ಫೋನಿನಲ್ಲಿ ಹೇಳಿದ್ದಳಂತೆ: ಅಲ್ಲಿಯ ಆಡಿಟ್ ಆಫೀಸುಗಳು ವಿದ್ಯಾರ್ಥಿಗಳನ್ನು ಆರು ತಿಂಗಳು ಕೆಲಸ ಕಲಿಯಲು ಕರೆಸಿಕೊಳ್ಳುತ್ತವೆ. ಇಂಟರ್ನ್‌ಶಿಪ್ ಎನ್ನುತ್ತಾರೆ. ಕೆಲಸ ಚಲೋ ಆದರೆ ಅಲ್ಲೇ ಇಟ್ಟುಕೊಳ್ಳುತ್ತಾರೆ.

"ನೀ ಹಾಕು ಯಾರ್," ಎಂದ ಇಮ್ರಾನ್. "ನಂಗ ಡೆಬಿಟ್ ಯಾವ ಕಡಿ ಅಂತ ಇನ್ನಾ ಗೊತ್ತಿಲ್ಲ. ನಿನ್ನ ತಲಿ ಒಳಗ ಅದಽ ಅದ."

ನಾನು ಅರ್ಜಿ ಬರೆದೆ. ಹಳೆಯ ಕಾಲದ ಮಾಸ್ತರರ ಕೈಯಲ್ಲಿ ಇಂಗ್ಲಿಷ್ ಕಲಿತವನು ನಾನು. ತಮ್ಮ ಸನ್ನಿಧಿಯಲ್ಲಿ ಅತ್ಯಂತ ವಿನಮ್ರನಾಗಿ ಬಿನ್ನವಿಸಿಕೊಳ್ಳುವುದೇನೆಂದರೆ ಎಂಬ ಧಾಟಿಯಲ್ಲಿ ಶುರುವಾಗಿ, ತಮ್ಮ ಕ್ಷೇಮಾಭ್ಯುದಯಕ್ಕಾಗಿ ಸದಾ ಪ್ರಾರ್ಥಿಸುವೆನು ಎಂಬಲ್ಲಿ ಮುಗಿಯುತ್ತಿತ್ತು. ನೆಟ್ ಅಂಗಡಿಯ ಪರದೆಯ ಹಿಂದೆ ಕೂತು ಇಮ್ರಾನ್ ಅದನ್ನು ಓದಿದ.

"ಅರೆ, ಇದು ನೌಕರಿ ಅರ್ಜಿಯೇನೋ ಮಂಗಳಾರತಿಯೇನೋ? ನಕ್ಕೊ ಯಾರ್, ಇದು ಬ್ಯಾಡ. ಪರೀಕ್ಷಾ ಬರೀತೀನಿ, ಲೆಕ್ಕ ಬರ್ತದ, ಕರ್ಕೋರಿ. ಮುಗೀತು."

ಎಷ್ಟೋ ಆಫೀಸುಗಳಿಗೆ ಕಳಿಸಿದೆವು. ಬಹಳಷ್ಟು ಕಡೆಯಿಂದ ಮೌನ. ಕೆಲವು ಕಡೆಯಿಂದ ಯಂತ್ರ ಬರೆದ ಧನ್ಯವಾದ. ಒಬ್ಬ ಮಹನೀಯ ಮೊದಲು ಹಣ ಕಳಿಸಿ, ಆಮೇಲೆ ಆಫೀಸಿನ ಹೆಸರು ಹೇಳುತ್ತೇನೆ ಎಂದ. ಅವನಿಗೆ ಇಮ್ರಾನ್ ದಖ್ನಿ ಉರ್ದುವಿನಲ್ಲಿ ಕೊಟ್ಟ ಉತ್ತರವನ್ನು ಸಂಸಾರಸ್ಥರು ಓದುವ ಈ ಬರಹದಲ್ಲಿ ಕೊಡಲಾರೆ. ಕೊನೆಗೆ ಮಸ್ಕತ್ತಿನ ಒಂದು ಸಣ್ಣ ಆಫೀಸು ಸಂದರ್ಶನಕ್ಕೆ ಕರೆಯಿತು, ಅದೇ ನೆಟ್ ಅಂಗಡಿಯ ಕಂಪ್ಯೂಟರಿನ ಮುಂದೆ.

ಆ ಕಡೆ ಕೂತಿದ್ದವರು ಕೇರಳದ ಒಬ್ಬ ಮೇಡಂ. ತಲೆಗೂದಲು ಬೆಳ್ಳಗೆ, ಮಾತು ಚುರುಕು. ಈ ಕಡೆ ನಾನು, ಇಮ್ರಾನನ ಅಪ್ಪನ ಕೋಟು, ಕೋಟಿನೊಳಗೆ ಹರಿಯುವ ಬೆವರು. ಅರ್ಧದಲ್ಲಿ ಸ್ಟೇಶನ್ನಿನ ಧ್ವನಿವರ್ಧಕ ಯಾವುದೋ ಗಾಡಿ ತಡವಾಗಿ ಬರುತ್ತದೆ ಎಂದು ಮೂರು ಭಾಷೆಯಲ್ಲಿ ವಿಷಾದಿಸಿತು. ಮೇಡಂ ಅದು ಮುಗಿಯುವತನಕ ಕಾದು ಕೇಳಿದರು: ಕೆಡುವ ಸರಕಿನ ದಾಸ್ತಾನನ್ನು ಹೇಗೆ ಲೆಕ್ಕಕ್ಕೆ ಹಿಡಿಯುತ್ತೀರಿ?

ಕೊಂಡ ಬೆಲೆ, ಮಾರಿದರೆ ಬರುವ ಬೆಲೆ, ಎರಡರಲ್ಲಿ ಯಾವುದು ಕಡಿಮೆಯೋ ಅದು ಎಂದೆ.

"ಅದು ಪುಸ್ತಕದ್ದು. ಕಣ್ಣಾರೆ ನೋಡಿದ್ದು ಏನಾದರೂ ಇದೆಯೇ?"

ಆಗ ನಾನು ಕಾಕಾನ ಕೋಣೆಯ ಬಾಗಿಲು ತೆರೆದೆ. ಸಂಜೆ ಗಟ್ಟಿ ಇದ್ದ ಗೊನೆ ಬೆಳಿಗ್ಗೆಗೆ ಬೇರೆ ಸರಕು. ಹೈದರಾಬಾದಿಗೆ ಹೋಗುವುದು ಮಾಗಿಸುವ ಹೊಗೆ ಬೀಳುವ ಮೊದಲೇ ಹೋಗಬೇಕು, ಕಲಬುರಗಿಯದು ಅರ್ಧ ಮಾಗಿ ಹೋಗಬೇಕು, ಪೂರ್ತಿ ಮಾಗಿದ್ದು ಬಸ್ ಸ್ಟ್ಯಾಂಡಿನಲ್ಲೇ ಹೋಗಬೇಕು, ಅದೂ ಮೀರಿದ್ದು ನೆಂಟರಿಗೆ. ಒಂದೇ ಕೋಣೆಯಲ್ಲಿ, ಒಂದೇ ದಿನ, ಒಂದೇ ಹಣ್ಣಿಗೆ ನಾಲ್ಕು ಬೆಲೆ. ಎಷ್ಟು ಗೊನೆ ಇವೆ ಎಂದು ಎಣಿಸಿದರೆ ಲೆಕ್ಕ ಆಗುವುದಿಲ್ಲ, ಯಾವುದು ಎಲ್ಲಿಗೆ ಹೊರಟಿದೆ ಎಂದು ಕೇಳಬೇಕು. ಇಷ್ಟನ್ನು ನನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿದೆ. ಮೇಡಂ ನಕ್ಕರು.

"ಇದನ್ನು ಯಾರು ಕಲಿಸಿದರು?"

"ನಮ್ಮ ಕಾಕಾ."

"ಅವರಿಗೆ ನನ್ನ ನಮಸ್ಕಾರ ತಿಳಿಸಿ."

ವಾರದೊಳಗೆ ಕರೆ ಬಂತು. ಪರೀಕ್ಷೆ ಮುಗಿದ ಮೇಲೆ, ಮಳೆಗಾಲದ ಹೊತ್ತಿಗೆ ಸೇರಬೇಕು. ಅಷ್ಟರೊಳಗೆ ಪಾಸ್‌ಪೋರ್ಟ್ ಕಳಿಸಬೇಕು. ಮೇಡಂ ನಮಸ್ಕಾರವನ್ನು ನಾನು ಕಮಲಾಪುರಕ್ಕೆ ಒಯ್ದು ಮುಟ್ಟಿಸಿದೆ. ಕಾಕಾ ಟವೆಲ್ಲಿನಿಂದ ಕಣ್ಣೊರೆಸಿಕೊಂಡ. ಆಮೇಲೆ ಸನ್ಮಾನ ಏರ್ಪಡಿಸಿದ.

ನಮ್ಮ ಭಾಗದಲ್ಲಿ ಯಾವ ಕೆಲಸವೂ ಶಾಲು ಹೊದಿಸದೆ ಆದಂತಲ್ಲ. ಬಸ್ ಸ್ಟ್ಯಾಂಡಿನಲ್ಲಿ ನನ್ನ ಫೋಟೊದ ಫ್ಲೆಕ್ಸ್ ನಿಂತಿತು. ಅದರಲ್ಲಿ ನನಗಿಂತ ಕಾಕಾನ ಫೋಟೊ ದೊಡ್ಡದು, ಹಿಂದೆ ವಿಮಾನ, ಮೂಲೆಯಲ್ಲಿ ಕೆಂಪು ಬಾಳೆ. ಶಾಲು, ಹಾರ, ಹಣ್ಣಿನ ಬುಟ್ಟಿ. ಕಾಕಾ ಮೈಕು ಹಿಡಿದ.

"ಮಸ್ಕತ್ತಿನ ಲೆಕ್ಕ ಎಲ್ಲಾ ನಮ್ಮ ಶರಣ್ಯಾನ ಕೈಯಾಗ ಬರ್ತದ್ರಿ ಇನ್ನ!"

ಮುಂದಿನ ಸಾಲಿನ ಹಿರಿಯರೊಬ್ಬರು ಕೂತಲ್ಲಿಂದಲೇ ಕೇಳಿದರು. "ಅಲ್ಲ ರೇವಣಸಿದ್ದಪ್ಪ, ಅಲ್ಲಿ ಲೆಕ್ಕ ಮಾಡೋರು ಯಾರೂ ಇಲ್ಲೇನು?"

"ಅದಾರ್ರಿ ಮುತ್ಯಾ, ಭಾಳ ಮಂದಿ ಅದಾರ. ಆದ್ರ ತಾಳೆ ಆಗವಲ್ದು!"

ಜನ ಚಪ್ಪಾಳೆ ಹೊಡೆದರು. ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ನಾನು ಆ ಶಾಲಿನೊಳಗೆ ಬೇಸಿಗೆಯನ್ನು ಮರೆತು ಕೂತಿದ್ದೆ.

ಆಮೇಲೆ ಪಾಸ್‌ಪೋರ್ಟ್ ಬರಲಿಲ್ಲ.

ಅರ್ಜಿ ಹಾಕಿಯಾಗಿತ್ತು, ಕಮಲಾಪುರದ ವಿಳಾಸ ಕೊಟ್ಟಾಗಿತ್ತು. ಪರೀಕ್ಷೆ ಶುರುವಾಯಿತು, ಮುಗಿಯಿತು. ಹಾಸ್ಟೆಲ್ಲಿನ ಹುಡುಗರು ಮಂಚ ಖಾಲಿ ಮಾಡಿ ಹೋದರು, ಪಾಸ್‌ಪೋರ್ಟಿನ ಓಡಾಟಕ್ಕೆಂದು ನಾನು ಅಲ್ಲೇ ಉಳಿದೆ. ಕಾಕಾ ದಿನವೂ ಸಂಜೆ ಫೋನು ಮಾಡುತ್ತಿದ್ದ. "ಸುದ್ದಿ ಬಂತೇನೋ ತಮ್ಮಾ? ಇಲ್ಲ? ಬಿಡು, ದಿಲ್ಲಿ ಮಂದಿ ಹಂಗಽ. ಅವರಿಗಿ ನಮ್ಮ ಕಡೀದು ಅಂದ್ರ ಅಲಕ್ಷ್ಯ." ಒಮ್ಮೆ ಕಲಬುರಗಿಗೇ ಬಂದ. ಇಬ್ಬರೂ ಶರಣಬಸವೇಶ್ವರ ಗುಡಿಗೆ ಹೋದೆವು. ಪಾಸ್‌ಪೋರ್ಟ್ ಬೇಗ ಬರಲೆಂದು ಕಾಕಾ ತನ್ನ ಕೈಯಾರೆ ಟೆಂಗಿನಕಾಯಿ ಒಡೆದ. ಸರಿಯಾಗಿ ಎರಡು ಹೋಳಾಯಿತು. "ಚಲೋ ಆತು, ಆಗ್ತದ ಕೆಲಸ," ಎಂದು ನನ್ನ ಬೆನ್ನು ತಟ್ಟಿದ. ಆ ಕೈಯ ತೂಕ ನನಗೆ ಇನ್ನೂ ನೆನಪಿದೆ.

ಪಾಸ್‌ಪೋರ್ಟ್ ಕಳಿಸುವ ದಿನವನ್ನು ಮಸ್ಕತ್ತಿನ ಮೇಡಂ ಒಮ್ಮೆ ಮುಂದೂಡಿದರು. ಇನ್ನೊಮ್ಮೆ ಆಗುವುದಿಲ್ಲ ಎಂದು ಮೆತ್ತಗೆ ಬರೆದರು. ಇಮ್ರಾನನ ತಾಳ್ಮೆ ಹರಿಯಿತು. ದಿಲ್ಲಿಯನ್ನು ಬೈಯುತ್ತ ಕೂಡುವುದು ನಿಮ್ಮ ಕಾಕಾನಿಗೆ ಸರಿ, ನಾವು ಕಮಲಾಪುರದ ಠಾಣೆಗೆ ಹೋಗಿ ಕೇಳೋಣ ಎಂದು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟ. ಮೊದಲ ಮಳೆಯ ಮೋಡ ಕಟ್ಟಿತ್ತು. ದಾರಿಯುದ್ದಕ್ಕೂ ಧೂಳು ಎದ್ದು ನಮ್ಮಿಬ್ಬರ ಬಾಯಿ ಮುಚ್ಚಿಸಿತು.

ಠಾಣೆಯಲ್ಲಿ ವಿಳಾಸ ನೋಡುವ ಕೆಲಸದ ಪೇದೆ ವಯಸ್ಸಾದವರು. ನನ್ನ ಹೆಸರು ಕೇಳಿ, ನೆನಪು ಮಾಡಿಕೊಂಡು, "ಯಾವಾಗೋ ಬರದ ಕಳಿಸೀವಲ್ಲಪ್ಪ. ಅಲ್ಲಿ ಇರಂಗಿಲ್ಲ ಅಂತ," ಎಂದರು.

"ಯಾರು ಇರಂಗಿಲ್ಲ?"

"ನೀನಽ."

"ಯಾರ್ ಹೇಳಿದ್ರಿ ಹಂಗ?" ಇಮ್ರಾನ್ ನನಗಿಂತ ಮೊದಲು ಕೇಳಿದ.

"ಯಾರರೆ ಯಾಕ ಹೇಳ್ತಾರ? ಇವರ ಕಾಕಾನಽ ಹೇಳ್ಯಾರ. ಬಾಳಿಹಣ್ಣಿನ ರೇವಣಸಿದ್ದಪ್ಪ. ನಾ ಮನಿ ತನಕಾ ಹೊಂಟಿದ್ದೆ, ಅಂಗಡಿ ಮುಂದ ಕರೆದು ಕೂಡ್ಸಿ ಚಾ ಕುಡ್ಸಿದ್ರು. ಅಂವ ಇಲ್ಲಿ ಇರಂಗಿಲ್ರಿ ಸಾಹೇಬ್ರ, ಇಲ್ಲಿಂದ ಹೋಗಿ ಭಾಳ ದಿನ ಆತು, ಕಲಬುರಗಿಯೊಳಗ ಇರ್ತಾನ ಅಂದ್ರು. ಮನೀ ಯಜಮಾನನಽ ಅಂದ ಮ್ಯಾಲ ನಾ ಏನ್ ಬರೀಬೇಕು ಹೇಳು."

ಅವರ ತಪ್ಪೇನೂ ಇರಲಿಲ್ಲ. ನಾನು ಥ್ಯಾಂಕ್ಸ್ ಹೇಳಿದೆ. ಅಂಥ ಹೊತ್ತಿನಲ್ಲೂ ಥ್ಯಾಂಕ್ಸ್ ಹೇಳುವ ಬುದ್ಧಿ ಎಲ್ಲಿಂದ ಬರುತ್ತದೋ.

ಯಾವಾಗ ಬಂದಿದ್ದರು ಎಂದು ಇಮ್ರಾನ್ ಕೇಳಿದ. ಸನ್ಮಾನದ ಫ್ಲೆಕ್ಸ್ ಇನ್ನೂ ಬಸ್ ಸ್ಟ್ಯಾಂಡಿನಲ್ಲಿತ್ತು ಎಂದರು ಪೇದೆ, ಅದರ ನೆರಳಲ್ಲೇ ಬೈಕು ನಿಲ್ಲಿಸಿದ್ದರಂತೆ. ಹಾಗಾದರೆ ಗುಡಿಯಲ್ಲಿ ಟೆಂಗು ಒಡೆದದ್ದು ಅದರ ನಂತರ. ದಿಲ್ಲಿ ಮಂದಿಯನ್ನು ಬೈದ ಎಲ್ಲ ಸಂಜೆಗಳೂ ಅದರ ನಂತರ.

ಇಮ್ರಾನನನ್ನು ರಸ್ತೆಯಲ್ಲೇ ನಿಲ್ಲಿಸಿ ಒಬ್ಬನೇ ಅಂಗಡಿಗೆ ಹೋದೆ. ಕಾಕಾ ಗೊನೆ ಇಳಿಸುತ್ತಿದ್ದ.

"ಕಾಕಾ, ಪೊಲೀಸ್ರು ಬಂದಾಗ ನಾ ಇಲ್ಲಿ ಇರಂಗಿಲ್ಲ ಅಂತ ಹೇಳಿದೇನು?"

ಅವನು ಗೊನೆಯ ಮೇಲಿನ ಕೈ ತೆಗೆಯಲಿಲ್ಲ. "ಕೇಳಿದ್ರು, ಹೇಳ್ದೆ."

"ಯಾಕ?"

"ಯಾಕಂದ್ರ? ಪೊಲೀಸರ ಮುಂದ ಸುಳ್ಳ ಹೇಳ್ಬೇಕಿತ್ತೇನು? ನೀ ಹಾಸ್ಟೆಲ್‌ದಾಗ ಇರ್ತಿ. ಖರೇ ಅದನೋ ಇಲ್ಲೋ?"

ಬಸ್ಸಿನಲ್ಲಿ ನನ್ನನ್ನು ವರ್ಷಗಟ್ಟಲೆ ಅರ್ಧ ಟಿಕೆಟ್ಟಿನಲ್ಲಿ ತಿರುಗಿಸಿದ ಮನುಷ್ಯ, ಕುಳ್ಳ ವರರನ್ನು ಎತ್ತರ ಮಾಡಿದ ಮನುಷ್ಯ, ಆಯುಷ್ಯದಲ್ಲಿ ಒಂದೇ ಒಂದು ದಿನ ಸತ್ಯವ್ರತ ಹಿಡಿದಿದ್ದ. ಆ ದಿನವನ್ನು ಬಹಳ ಯೋಚಿಸಿ ಆರಿಸಿಕೊಂಡಿದ್ದ.

"ಒಳಗ ಬಾ," ಎಂದು ಹಿಂದಿನ ಕೋಣೆಗೆ ಕರೆದೊಯ್ದ. ಅಡಿ ಹಾಕುವ ಜಾಗದ ಪಕ್ಕದಲ್ಲಿ ಅರ್ಧ ಕೋಣೆಯನ್ನು ತೊಳೆದು ಸುಣ್ಣ ಹಚ್ಚಿಸಿದ್ದ. ಒಂದು ಮೇಜು, ಒಂದು ತಿರುಗುವ ಕುರ್ಚಿ, ಹೊಸ ಫ್ಯಾನು. ಗೋಡೆಗೆ ಆನಿಸಿಟ್ಟ ಒಂದು ಹಲಗೆ, ಅದರ ಮೇಲೆ ನನ್ನ ಹೆಸರು, ಹೆಸರಿನ ಕೆಳಗೆ ಲೆಕ್ಕಪತ್ರ ಸಲಹೆಗಾರರು ಎಂದು ಬಣ್ಣದ ಅಕ್ಷರ.

"ಅಲ್ಲಿ ಮಾಡೋ ಲೆಕ್ಕಾನೂ ಅದಽ, ಇಲ್ಲಿ ಮಾಡೋ ಲೆಕ್ಕಾನೂ ಅದಽ," ಎಂದ ಕಾಕಾ. ಆಮೇಲೆ ಬೇರೆ ದನಿಯಲ್ಲಿ, "ನಿಮ್ಮಪ್ಪ ಹೋದ. ನೀನೂ ಹೋದ್ರ ಆ ಕಟ್ಟಿ ಮ್ಯಾಲ ನಾ ಯಾರ ಕೂಡ ಕುಂಡ್ರಲಿ?"

ಈ ಮಾತನ್ನು ಆತ ಮೊದಲೇ ಹೇಳಿದ್ದರೆ ನಾನು ಜಗಳ ಮಾಡುತ್ತಿದ್ದೆ, ಅಳುತ್ತಿದ್ದೆ. ಹೋಗುತ್ತಿದ್ದೆನೋ ಉಳಿಯುತ್ತಿದ್ದೆನೋ, ಎರಡೂ ನನ್ನ ಕೈಯಲ್ಲಿರುತ್ತಿದ್ದವು. ಆತ ಹಾಗೆ ಮಾಡದೆ ಶಾಲು ಹೊದಿಸಿದ. ನನಗೆ ಮಸ್ಕತ್ತು ಕೈತಪ್ಪಿದ ದುಃಖ ಆಮೇಲೆ, ಮನೆಯಲ್ಲಿ ಒಬ್ಬನೇ ಇದ್ದಾಗ ಬಂತು. ಆ ಕ್ಷಣಕ್ಕೆ ಕಿವಿಯಲ್ಲಿದ್ದದ್ದು ಒಂದೇ. ಇದು ನಿನ್ನ ಮನೆ ಎಂದು ದಿನಾ ಹೇಳಿದ ಬಾಯಿ, ಕೇಳಬೇಕಾದವರು ಕೇಳಿದಾಗ, ಅಂವ ಇಲ್ಲಿ ಇರಂಗಿಲ್ಲ ಎಂದಿತ್ತು.

"ಸರಿ ರೀ ಕಾಕಾ," ಎಂದೆ.

ಕಾಕಾನಿಗೆ ನಾನು ಎಂದೂ ರೀ ಹಚ್ಚಿದವನಲ್ಲ. ಅವನ ಮುಖದ ಬಣ್ಣ ಇಳಿಯಿತು. ಹೊರಗೆ ಮಳೆ ಹನಿ ಬೀಳತೊಡಗಿತ್ತು. ಇಮ್ರಾನ್ ಸ್ಕೂಟರಿನ ಮೇಲೆ ನೆನೆಯುತ್ತ ಕೂತಿದ್ದ.

ಹಾಸ್ಟೆಲ್ಲಿನ ವಿಳಾಸ ಕೊಟ್ಟು ಮತ್ತೆ ಓಡಾಡಿದೆವು. ಪಾಸ್‌ಪೋರ್ಟ್ ಬಂತು, ಭರ್ತಿ ಮಳೆಯಲ್ಲಿ, ಅಂಚೆಯವನ ಚೀಲದಲ್ಲಿ ಅಂಚು ಒದ್ದೆಯಾಗಿ. ಮಸ್ಕತ್ತಿನ ಕುರ್ಚಿಯಲ್ಲಿ ಅಷ್ಟೊತ್ತಿಗೆ ಬೇರೆ ಯಾರೋ ಕೂತಿದ್ದರು. ನಾನು ಕಲಬುರಗಿಯಲ್ಲೇ ಒಬ್ಬ ಆಡಿಟರರ ಕೈಕೆಳಗೆ ಸೇರಿದೆ. ಜೇವರ್ಗಿ ಕಾಲೋನಿಯಲ್ಲಿ ಮನೆ ಹಿಡಿದೆ. ಅವ್ವ ಯಾರಿಗೂ ಏನೂ ಹೇಳದೆ ತನ್ನ ಟ್ರಂಕು ಹೊರಿಸಿಕೊಂಡು ಬಂದಳು. ಹಬ್ಬಕ್ಕೆ ಹೋಗಿ ಬರುತ್ತೇವೆ. ಕಾಕಾ ಬುಟ್ಟಿ ತುಂಬ ಹಣ್ಣು ಕೊಡುತ್ತಾನೆ. ನಾನು ರೀ ಹಚ್ಚಿಯೇ ಮಾತಾಡುತ್ತೇನೆ. ಈ ಊರಲ್ಲಿ ಇದಕ್ಕಿಂತ ದೊಡ್ಡ ಜಗಳ ಆಡುವುದು ನನಗೆ ಬರುವುದಿಲ್ಲ.

ಮೊನ್ನೆ ಆ ಅರ್ಧ ತೆರೆದ ಬಾಗಿಲಿನಲ್ಲಿ ಇಣುಕಿದೆ. ಮೇಜು ಅಲ್ಲೇ ಇತ್ತು, ಅದರ ತುಂಬ ಬಾಳೆ. ನನ್ನ ಹೆಸರಿನ ಹಲಗೆಯನ್ನು ಎರಡು ಇಟ್ಟಿಗೆಯ ಮೇಲೆ ಅಡ್ಡ ಇಟ್ಟು ಅದರ ಮೇಲೂ ಗೊನೆ ಜೋಡಿಸಿದ್ದರು. ಲೆಕ್ಕಪತ್ರ ಸಲಹೆಗಾರರು ಹಣ್ಣಿನ ಕೆಳಗೆ ಮಾಗಿ ಕಪ್ಪಾಗಿದ್ದರು.

ಈ ಸಲ ಬಂದ ಪೇದೆ ಹೊಸ ಹುಡುಗ, ಕೈಯಲ್ಲಿ ಫೋನು. ಕಾಕಾನ ಕಣ್ಣಿಗೆ ಈಗ ಪೊರೆ ಬಂದಿದೆ. ಆದರೂ ಖಾಕಿ ಬಣ್ಣ ಕಂಡಿತು. ಕಟ್ಟೆಯಿಂದ ಎದ್ದ. ನಾನು ಬಾಯಿ ತೆರೆಯುವ ಮೊದಲೇ ಶುರು ಮಾಡಿದ.

"ಇಲ್ಲೇ ಇರ್ತಾನ್ರಿ ಸಾಹೇಬ್ರ. ಹುಟ್ಟಿದಾಗಿಂದ ಇಲ್ಲೇ. ನಮ್ಮ ಅಣ್ಣನ ಮಗ. ಒಂದ್ ದಿನಾನೂ ಹೊರಗ ಮಲಗಿಲ್ಲ. ಮುಂಜಾನೆ ನಾನಽ ಎಬ್ಬಿಸಿ ಚಾ ಕೊಟ್ಟೀನಿ."

ಎಂಥ ಸಲೀಸಾದ ಸುಳ್ಳು. ಹಣ್ಣಿನ ಸಿಪ್ಪೆ ಸುಲಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಅವನ ಬಾಯಲ್ಲಿ ಇಷ್ಟು ಹಗುರವಾಗಿ ಬರುವ ಈ ಮಾತು ಆ ಬೇಸಿಗೆಯಲ್ಲಿ ಬಂದಿರಲಿಲ್ಲ. ಇದನ್ನು ಒಮ್ಮೆ ಅವನ ಬಾಯಿಂದ ಕೇಳಲೆಂದೇ ಕಾಗದಗಳಲ್ಲಿ ವಿಳಾಸ ತಿದ್ದಿಸಲು ಇಷ್ಟು ವರ್ಷ ಆಲಸ್ಯ ಮಾಡಿದ್ದೆ ಎಂದು ನನಗೆ ಅಲ್ಲೇ ನಿಂತು ತಿಳಿಯಿತು. ಅವ್ವನಿಗೆ ಬೆಳಿಗ್ಗೆಯೇ ತಿಳಿದಿತ್ತು.

ಕಾಕಾ ನನ್ನ ಕಡೆ ತಿರುಗಿ, ಆಯಿತಲ್ಲ ಎಂಬಂತೆ ನೋಡಿ, ಚೆನ್ನಾಗಿ ಮಾಗಿದ ಒಂದು ಹಣ್ಣು ಕಿತ್ತು ನನ್ನ ಮುಂದೆ ಹಿಡಿದ.

ಹುಡುಗ ಫೋನಿನಲ್ಲಿ ಹೌದು ಎಂದು ಒತ್ತುವವನಿದ್ದ.

"ಇಲ್ರಿ," ಎಂದೆ. "ನಾ ಇಲ್ಲಿ ಇರಂಗಿಲ್ಲ. ಕಲಬುರಗಿಯೊಳಗ ಇರ್ತೀನಿ. ಇಲ್ಲಿಂದ ಹೋಗಿ ಭಾಳ ದಿನ ಆತು."

"ಮತ್ತ ಇಲ್ಲಿ ವಿಳಾಸ ಯಾಕ ಕೊಟ್ಟೀರಿ? ಇಲ್ಲ ಅಂತ ಬರದ್ರ ನಿಮ್ದು ಆಗಂಗಿಲ್ಲ ನೋಡ್ರಿ."

"ಬರೀರಿ. ಖರೇ ಇದ್ದದ್ದು ಬರೀರಿ."

ಹುಡುಗ ಬೈಕು ಹತ್ತಿ ಹೋದ. ಹಣ್ಣು ಹಿಡಿದ ಕಾಕಾನ ಕೈ ಇನ್ನೂ ಮುಂದಕ್ಕೇ ಇತ್ತು.

"ಹುಚ್ಚದೀಯೇನು," ಎಂದ ಮೆಲ್ಲಗೆ. "ನಾ ಹೇಳಿದ್ನಲ್ಲೋ ತಮ್ಮಾ, ಇಲ್ಲೇ ಇರ್ತಿ ಅಂತ."

"ಕೇಳಿಸ್ತು ರೀ ಕಾಕಾ."

ಕಲಬುರಗಿ ಬಸ್ಸು ಹೊರಡಲು ನಿಂತಿತ್ತು. ಕಂಡಕ್ಟರ್ ಕೇಳುವ ಮೊದಲೇ ನಾನು ಪೂರ್ತಿ ಟಿಕೆಟ್ ತೆಗೆಸಿದೆ.